ಹಟ್ಟಿಗೆ ಹಾಕಿದ ಹೊಗೆ

ನನ್ನ ಕೆಲಸ ಜನರಿಂದ ಊದಿಸುವುದು. ಕಂಕನಾಡಿಯ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಶ್ವಾಸಕೋಶದ ತಾಕತ್ತು ಅಳೆಯುವ ಯಂತ್ರದ ಪಕ್ಕ ಇಪ್ಪತ್ತೆರಡು ವರ್ಷದಿಂದ ಕುಳಿತಿದ್ದೇನೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಉಸಿರು ಎಳೀರಿ, ಇನ್ನೂ ಎಳೀರಿ, ಈಗ ಊದಿ, ಊದಿ, ಊದಿ, ಬಿಡ್ಬೇಡಿ" ಎಂದು ಬೆಳಗ್ಗಿನಿಂದ ಸಂಜೆಯವರೆಗೆ ಕೂಗುತ್ತಿರುತ್ತೇನೆ. ನನ್ನ ಕೂಗು ಕೆಳಗಿನ ಔಷಧಿ ಅಂಗಡಿಯವರೆಗೆ ಕೇಳುತ್ತದಂತೆ. ಕೇಳಲಿ. ಮೆತ್ತಗೆ ಹೇಳಿದರೆ ಯಾರೂ ಪೂರ್ತಿ ಊದುವುದಿಲ್ಲ.

ಊದಿಸುವ ಮೊದಲು ಒಂದು ಫಾರಂ ತುಂಬಿಸಬೇಕು. ಬೀಡಿ ಸೇದುತ್ತೀರಾ, ಯಾವ ಕೆಲಸ ಮಾಡುತ್ತೀರಿ, ಮನೆಯಲ್ಲಿ ಹೊಗೆ ಉಂಟಾ. ಮೂರನೆಯ ಪ್ರಶ್ನೆಗೆ ಹೆಂಗಸರು ತಲೆ ತಗ್ಗಿಸಿ, "ಸ್ವಲ್ಪ ಉಂಟು ಮೇಡಂ, ಸ್ನಾನದ ನೀರಿಗೆ ಮಾತ್ರ ಒಲೆ" ಎನ್ನುತ್ತಾರೆ. ನನಗೆ ಅಲ್ಲಿಗೇ ಪಿತ್ತ ನೆತ್ತಿಗೇರುತ್ತದೆ. "ಸ್ವಲ್ಪ ಅಂದ್ರೆ ಎಷ್ಟು? ನಿಮ್ಮ ಶ್ವಾಸಕೋಶ ಎಂತ ಹೊಗೆಗೂಡಾ?" ಎಂದು ಬೈಯುತ್ತೇನೆ. ಬೈಯುವುದು ನನ್ನ ಕೆಲಸವಲ್ಲ, ಅದಕ್ಕೆ ಡಾಕ್ಟರಿದ್ದಾರೆ. ಆದರೂ ಬಾಯಿ ಕೇಳುವುದಿಲ್ಲ. ಹೊಗೆ ಏನು ಮಾಡುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಜಂಬ ನನಗಿತ್ತು. ಆ ಜಂಬ ಹೇಗೆ ಇಳಿಯಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಮುಗಿಸಿ ಬಸ್ಸು ಹತ್ತಿದರೆ ವಾಮಂಜೂರಿಗೆ ಬರುವಾಗ ಹೊತ್ತು ಮುಳುಗುತ್ತಿರುತ್ತದೆ. ಮುಖ್ಯ ರಸ್ತೆಯಿಂದ ಕೆಳಗಿಳಿದು ಹೊಸ ಮನೆಗಳ ಸಾಲು ದಾಟಿದ ಮೇಲೆ ಒಂದು ತುಂಡು ಗದ್ದೆ ಇನ್ನೂ ಉಳಿದಿದೆ. ಅದರ ಅಂಚಿನಲ್ಲಿ ನಮ್ಮ ಮನೆ. ಮನೆಯಲ್ಲಿರುವುದು ನಾನು ಮತ್ತು ನನಗಿಂತ ಹದಿಮೂರು ವರ್ಷ ದೊಡ್ಡವಳಾದ ಅಕ್ಕ. ಅಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಯಿತು. ನನಗೆ ಮದುವೆಯಾಗಲಿಲ್ಲ. ನಿನ್ನ ಬಾಯಿಗೆ ಹೆದರಿ ಯಾರೂ ಬರಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ಮನೆಯಲ್ಲಿ ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ.

ನಾನು ಮನೆಗೆ ಬರುವ ಹೊತ್ತಿಗೆ ಅಕ್ಕ ದೇವರ ದೀಪ ಹೊತ್ತಿಸಿ ದನದ ಹಟ್ಟಿಗೆ ಹೊಗೆ ಹಾಕುತ್ತಿರುತ್ತಿದ್ದಳು. ಬಚ್ಚಲೊಲೆಯ ಕೆಂಡವನ್ನು ಒಡೆದ ಮಡಕೆಗೆ ಸುರಿದು, ಅದರ ಮೇಲೆ ತೆಂಗಿನ ಸಿಪ್ಪೆ, ಕಹಿಬೇವು, ಹಸಿ ನೆಕ್ಕಿ ಸೊಪ್ಪು. ಬೆಂಕಿ ಏಳಬಾರದು, ಹೊಗೆ ಮಾತ್ರ ಏಳಬೇಕು. ಅದಕ್ಕೊಂದು ಕೈ ಬೇಕು. ಅಕ್ಕನಿಗೆ ಆ ಕೈ ಇತ್ತು. ದನಕ್ಕೆ ಸೊಳ್ಳೆ ಕಚ್ಚಬಾರದು, ನೊಣ ಕೂರಬಾರದು, ಯಾರದೇ ಕಣ್ಣು ತಾಗಿದ್ದರೂ ಹೋಗಬೇಕು. ಹೊಗೆಗೆ ಇಷ್ಟೆಲ್ಲ ಜವಾಬ್ದಾರಿ. ನಮ್ಮ ಅಮ್ಮ ಹಾಕುತ್ತಿದ್ದಳು, ಅಜ್ಜಿಯೂ ಹಾಕುತ್ತಿದ್ದಳು. ಹಟ್ಟಿಗೆ ಹೊಗೆ ಹಾಕದ ಮನೆಯ ಹೆಂಗಸು ಸೋಮಾರಿ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

ಅಜ್ಜಿಯ ಹಟ್ಟಿಗೆ ಮುಳಿಹುಲ್ಲಿನ ಮಾಡು, ನಾಲ್ಕು ಕಂಬ, ಮೂರು ಬದಿ ಬಯಲು. ಹೊಗೆ ಹಾಗೆ ಬಂದು ಹೀಗೆ ಹೋಗುತ್ತಿತ್ತು. ಎಂಟು ವರ್ಷದ ಹಿಂದೆ ನಾನೇ ಮುಂದೆ ನಿಂತು ಹೊಸ ಹಟ್ಟಿ ಕಟ್ಟಿಸಿದೆ. ಮೂರು ಬದಿಗೆ ಕಲ್ಲಿನ ಗೋಡೆ, ಮೇಲೆ ಶೀಟು, ಎದುರಿಗೆ ಸಂಜೆ ಇಳಿಸಿ ಕಟ್ಟುವ ಟಾರ್ಪಾಲು. ಸುತ್ತ ಮನೆಗಳು ಎದ್ದು, ಚರಂಡಿ ನೀರು ನಿಂತು, ಸೊಳ್ಳೆ ವಿಪರೀತವಾಗಿತ್ತು. ಟಾರ್ಪಾಲು ಇಳಿಸಿದರೆ ಹೊಗೆ ಒಳಗೇ ನಿಲ್ಲುತ್ತದೆ, ಒಂದು ಸಿಪ್ಪೆ ಕೂಡ ದಂಡವಾಗುವುದಿಲ್ಲ ಎಂದು ಅಕ್ಕನಿಗೆ ಹೇಳಿಕೊಟ್ಟವಳು ನಾನು. ಆ ಬುದ್ಧಿವಂತಿಕೆ ನನ್ನದೇ.

ಆಗ ಹಟ್ಟಿಯಲ್ಲಿ ಮೂರು ದನಗಳಿದ್ದವು. ಈ ಕತೆ ನಡೆದ ಕಾಲಕ್ಕೆ ಉಳಿದದ್ದು ಒಂದೇ, ಹಣೆಯಲ್ಲಿ ಬಿಳಿ ಮಚ್ಚೆಯ ಕಪ್ಪು ದನ. ಉಳಿದೆರಡು ಎಷ್ಟು ಸಲ ಹೋರಿಯ ಬೀಜದ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲದೆ, ಒಂದಾದ ಮೇಲೊಂದು ಮನೆ ಬಿಟ್ಟವು. ಸಾಕುತ್ತೇವೆ ಎಂದು ಹೇಳಿದವರಿಗೆ ಕೊಟ್ಟೆವು. ಅವರು ಹಾಗೆ ಹೇಳಿದ್ದನ್ನು ನಾವು ನಂಬಿದೆವು. ನಂಬುವುದು ನಮಗೆ ಅನುಕೂಲವಾಗಿತ್ತು.

ಈ ಕಪ್ಪು ದನವೂ ಎರಡನೇ ಕರುವಿನ ನಂತರ ಹಟ ಹಿಡಿಯಿತು. ಡಿಸೆಂಬರಿನಲ್ಲಿ ಬೆದೆಗೆ ಬಂತು, ಇಂಜೆಕ್ಷನ್ ಕೊಡಿಸಿದೆವು. ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬಂದು ಕೂಗತೊಡಗಿತು. ಜನವರಿಯಲ್ಲಿ ಅದೇ ಕತೆ, ಫೆಬ್ರವರಿಯಲ್ಲೂ ಅದೇ. ಮೂರನೆಯ ಸಲ ಅದು ಕೂಗಿದಾಗ ಅಕ್ಕ ಹಿತ್ತಲಿನ ಕಲ್ಲಿನ ಮೇಲೆ ಕುಳಿತುಬಿಟ್ಟಳು.

"ಇದು ಹೋದ್ರೆ ನಾನು ಬೆಳಿಗ್ಗೆ ಎದ್ದು ಎಂತ ಮಾಡ್ಲಿ?" ಎಂದಳು.

ಅವಳಿಗೆ ಬೇರೆ ಕೆಲಸ ಇಲ್ಲವೆಂದಲ್ಲ. ಆದರೆ ಅವಳು ಬೆಳಿಗ್ಗೆ ಐದಕ್ಕೆ ಏಳುವುದು ದನಕ್ಕಾಗಿ, ಮದುವೆ ಮನೆಗೆ ಹೋದರೆ ಊಟ ಮುಗಿಸಿ ಓಡಿ ಬರುವುದು ದನಕ್ಕಾಗಿ. ಸುತ್ತಲಿನ ಆರು ಮನೆಯ ಹೆಂಗಸರು ಪಾತ್ರೆ ಹಿಡಿದು ಬಂದು ಅವಳ ಜಗಲಿಯಲ್ಲಿ ಹತ್ತು ನಿಮಿಷ ಕೂರುವುದು ಹಾಲಿನಿಂದಾಗಿ. ಗಬ್ಬ ನಿಲ್ಲದಿದ್ದರೆ ಹಾಲಿಲ್ಲ. ಹಾಲಿಲ್ಲದಿದ್ದರೆ ಈ ದನವೂ ಆ ಎರಡರ ದಾರಿ ಹಿಡಿಯುತ್ತದೆ. ಅರುವತ್ತೆರಡರ ಪ್ರಾಯದಲ್ಲಿ ಇನ್ನೊಂದನ್ನು ತರಲು ನಾನು ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅಕ್ಕ ದೈವಕ್ಕೆ ಹೇಳಿಕೊಂಡಳು. ಹೊಗೆಯನ್ನೂ ಹೆಚ್ಚು ಮಾಡಿದಳು. ಯಾರದೋ ಕಣ್ಣು ಬಿದ್ದಿದೆ ಎಂದು ಸಂಜೆಯ ಹೊಗೆಗೆ ಒಣಮೆಣಸು, ಸಾಸಿವೆ ಸೇರಿತು. ಬೆಳಿಗ್ಗೆಗೂ ಒಂದು ಮಡಕೆ ಶುರುವಾಯಿತು. ಧೂಪ ಹಾಕಿದರೆ ಒಳ್ಳೆಯದು ಎಂದು ಯಾರೋ ಹೇಳಿದರಂತೆ. ಕಂಕನಾಡಿ ಮಾರ್ಕೆಟಿನಿಂದ ಒಂದು ಕಿಲೋ ಧೂಪವನ್ನು ನನ್ನ ಚೀಲದಲ್ಲಿ ಹೊತ್ತು ತಂದೆ. ಅದೇ ದಿನ ಮಧ್ಯಾಹ್ನ ಒಬ್ಬಳು ಮೀನು ಮಾರುವ ಹೆಂಗಸಿಗೆ, ಮನೆಯಲ್ಲಿ ಅಗರಬತ್ತಿ ಕೂಡ ಹಚ್ಚಬೇಡಿ ಎಂದು ಉಪದೇಶ ಮಾಡಿದ್ದೆ. ಎರಡು ಮಾತಿಗೂ ಸಂಬಂಧ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ಈಗ ನೆನೆದರೆ ನನ್ನ ತಲೆಗೆ ನಾನೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ಹೊರಗಿನ ಹೊಗೆಯೂ ಕಡಿಮೆಯಿರಲಿಲ್ಲ. ಗದ್ದೆ ಈಗ ದೊಡ್ಡಮ್ಮನ ಮಗನದ್ದು. ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದವನು, ನಮಗೆ ಅಣ್ಣ. ಮಳೆಗಾಲದ ಒಂದು ಬೆಳೆ ತೆಗೆಯುತ್ತಾನೆ. ಮೊದಲು ಕೈಯಲ್ಲಿ ಕೊಯ್ಯುವಾಗ ಬುಡದವರೆಗೆ ಕೊಯ್ದು, ಒಂದು ಎಸಳು ಬೈಹುಲ್ಲನ್ನೂ ಬಿಡದೆ ಮನೆಗೆ ತರುತ್ತಿದ್ದೆವು. ಈಗ ಯಂತ್ರ ಬಂದು ಮೊಣಕಾಲೆತ್ತರ ಕೂಳೆ ಬಿಟ್ಟು ಹೋಗುತ್ತದೆ. ಹುಲ್ಲು ಕೆಸರಿನಲ್ಲಿ ತುಳಿದು ಪುಡಿಯಾಗಿರುತ್ತದೆ. ಸುತ್ತ ದನ ಸಾಕುವವರೂ ಇಲ್ಲ. ಆದ್ದರಿಂದ ಒಣಗಿದ ಮೇಲೆ ಅಣ್ಣ ಗದ್ದೆಗೆ ಬೆಂಕಿ ಕೊಡುತ್ತಾನೆ. ಅವನನ್ನು ನೋಡಿ ಆಚೆ ಗದ್ದೆಯವರೂ ಕೊಡುತ್ತಾರೆ.

ಅಕ್ಕನದ್ದು ಬೇರೆ ಸುಡುಮಣ್ಣು. ತರಗೆಲೆ, ಕಸಕಡ್ಡಿ ಒಟ್ಟಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ವಾರಗಟ್ಟಲೆ ಒಳಗೊಳಗೇ ಬೇಯುತ್ತದೆ. ಬೆಂದ ಆ ಮಣ್ಣು ಅಲಸಂಡೆಗೆ, ಹರಿವೆಗೆ ಬಹಳ ಒಳ್ಳೆಯ ಗೊಬ್ಬರ. ಆ ರಾಶಿಯನ್ನು ಅವಳು ಮಾಡುವುದು ಹಟ್ಟಿಯ ಹಿಂದೆ, ಗೋಡೆಗೆ ತಾಗಿದಂತೆ. ತರಗೆಲೆಯ ಜೊತೆ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ, ಹುಲ್ಲಿನ ಕಟ್ಟಿಗೆ ಬಿಗಿದು ಬರುವ ಪ್ಲಾಸ್ಟಿಕ್ ಹಗ್ಗ ಎಲ್ಲವೂ ಹೋಗುತ್ತಿತ್ತು. ಬೆಂಕಿಗೆ ಬಿದ್ದ ಮೇಲೆ ಎಲ್ಲ ಬೂದಿಯೇ ಅಲ್ಲವೇ ಎಂಬುದು ನಮ್ಮ ಲೆಕ್ಕ. ನಮ್ಮ ಜಾಗ ತಗ್ಗಿನಲ್ಲಿದೆ. ಚಳಿಗಾಲದ ಬೆಳಗ್ಗೆ ಗದ್ದೆಯ ಹೊಗೆ, ರಾಶಿಯ ಹೊಗೆ, ಮಡಕೆಯ ಹೊಗೆ ಮೂರೂ ಸೇರಿ ಹಟ್ಟಿಯ ಮಾಡಿನ ಮಟ್ಟದಲ್ಲೇ ನಿಲ್ಲುತ್ತಿದ್ದವು. ಜಗಲಿಯಲ್ಲಿ ನಿಂತು ನಾನು ಕಾಫಿ ಕುಡಿಯುತ್ತಾ, "ಎಷ್ಟು ಮಂಜು ನೋಡು" ಎನ್ನುತ್ತಿದ್ದೆ.

ಆ ವರ್ಷದ ಜುಲೈಯಲ್ಲಿ ಅಕ್ಕನ ಮೊಣಕಾಲು ಊದಿಕೊಂಡು ಮೂರು ವಾರ ಹಾಸಿಗೆ ಹಿಡಿದಳು. ಹಟ್ಟಿಯ ಕೆಲಸ ನನ್ನ ತಲೆಗೆ ಬಂತು. ಬೆಳಿಗ್ಗೆ ಹಾಲು ಕರೆದು, ಸೆಗಣಿ ಬಾಚಿ, ಬಸ್ಸು ಹಿಡಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಸಂಜೆ ಆ ಮಳೆಯಲ್ಲಿ ಸಿಪ್ಪೆ ಒದ್ದೆ, ಸೊಪ್ಪು ಒದ್ದೆ. ಹೊಗೆ ಹಾಕಿದೆಯಾ ಎಂದು ಅಕ್ಕ ಒಳಗಿನಿಂದ ಕೇಳಿದರೆ, ಹಾಕಿದೆ ಎಂದು ಸುಳ್ಳು ಹೇಳಿ ಟಾರ್ಪಾಲು ಕೂಡ ಇಳಿಸದೆ ಮಲಗುತ್ತಿದ್ದೆ. ಆ ಮೂರು ವಾರದ ಕೊನೆಯಲ್ಲಿ ದನ ಬೆದೆಗೆ ಬಂತು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಈ ಸಲ ಇಪ್ಪತ್ತೊಂದನೆಯ ದಿನ ಅದು ಕೂಗಲಿಲ್ಲ. ಮೂರು ತಿಂಗಳಿಗೆ ಕೈ ಹಾಕಿ ಪರೀಕ್ಷೆ ಮಾಡಿದ ಡಾಕ್ಟರು, "ನಿಂತಿದೆ ಅಮ್ಮ" ಎಂದರು. ಅಕ್ಕ ಅವರ ಸೆಗಣಿ ಮೆತ್ತಿದ ಗ್ಲೌಸನ್ನೂ ನೋಡದೆ ಕೈ ಹಿಡಿದುಕೊಂಡಳು. ಹೊಗೆಯೇ ಕಾಪಾಡಿತು ಎಂದು ಅವಳ ನಂಬಿಕೆ. ನನ್ನ ಸುಳ್ಳು ನನ್ನ ಹೊಟ್ಟೆಯಲ್ಲೇ ಉಳಿಯಿತು.

ಗಬ್ಬದ ದನ ಎಂದಮೇಲೆ ಉಪಚಾರ ಹೆಚ್ಚಾಯಿತು. ಬೆಳಿಗ್ಗೆ ಒಂದು ಮಡಕೆ, ಸಂಜೆ ಎರಡು. ನವೆಂಬರ್ ಕೊನೆಗೆ ಅಣ್ಣ ಗದ್ದೆ ಸುಟ್ಟ. ಡಿಸೆಂಬರಿನಲ್ಲಿ ಅಕ್ಕ ಸುಡುಮಣ್ಣಿನ ರಾಶಿಗೆ ಬೆಂಕಿ ಕೊಟ್ಟಳು. ದನದ ಕಣ್ಣಿನಿಂದ ನೀರು ಇಳಿಯತೊಡಗಿತು, ಮೂಗಿನ ಕೆಳಗೆ ಸಿಂಬಳ ಒಣಗಿ ಕರಿ ಗೆರೆಯಾಯಿತು. ಆಗಾಗ ಕುತ್ತಿಗೆ ಚಾಚಿ ನಾಲಗೆ ಹೊರಹಾಕಿ ಕೆಮ್ಮುತ್ತಿತ್ತು. ಚಳಿಗೆ ಶೀತ ಎಂದು ಅಕ್ಕ ಕರಿಮೆಣಸು ಬೆಲ್ಲ ತಿನ್ನಿಸಿದಳು. ಬೆಚ್ಚಗಿರಲಿ ಎಂದು ಟಾರ್ಪಾಲನ್ನು ಹಗಲೂ ಇಳಿಸಿಟ್ಟಳು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ನನ್ನನ್ನು ಕರೆದ ಸ್ವರ ಕೇಳಿ ದೋಸೆಯನ್ನು ಕಾವಲಿಯಲ್ಲೇ ಬಿಟ್ಟು ಓಡಿದೆ. ದನ ಕಂದು ಹಾಕಿತ್ತು. ಐದು ತಿಂಗಳಿನ ಕರು, ಒಂದು ಬೆಕ್ಕಿನಷ್ಟು ದೊಡ್ಡದು. ಮೈಮೇಲೆ ಕೂದಲಿರಲಿಲ್ಲ. ಆದರೆ ನಾಲ್ಕು ಗೊರಸು ಸರಿಯಾಗಿ ಮೂಡಿದ್ದವು, ಬಿಳಿಯಾಗಿ, ಮೆತ್ತಗೆ. ನಾನು ಆ ಗೊರಸುಗಳನ್ನೇ ನೋಡುತ್ತಾ ನಿಂತೆ. ಆಸ್ಪತ್ರೆಯಲ್ಲಿ ಏನೆಲ್ಲ ಕಂಡವಳು ನಾನು. ಅವತ್ತು ಒಂದು ಹೆಜ್ಜೆ ಹತ್ತಿರ ಹೋಗಲಾಗಲಿಲ್ಲ. ಅಕ್ಕ ಬರಿಗೈಯಲ್ಲಿ ಅದನ್ನೆತ್ತಿ ತನ್ನ ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತುತ್ತಿದ್ದಳು. "ಕೈಗೆ ಎಂತಾದ್ರೂ ಹಾಕು ಅಕ್ಕ, ರೋಗ ಇದ್ರೆ ನಿನಗೂ ಬರ್ತದೆ" ಎಂದು ನಾನು ಕಿರುಚಿದೆ. ಅವಳಿಗೆ ಕೇಳಿಸಲಿಲ್ಲ. ದನ ಆ ಬೈರಾಸನ್ನು ನೆಕ್ಕಲು ಹಗ್ಗ ಎಳೆಯುತ್ತಿತ್ತು.

ಡಾಕ್ಟರು ಸ್ಕೂಟರಿನಲ್ಲಿ ಬಂದರು. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ದನಕ್ಕೆ ಮಾಡಬೇಕಾದ್ದನ್ನು ಮಾಡಿ, ಕಂದು ಹಾಕಿಸುವ ರೋಗವಿದೆಯೇ ಎಂದು ನೋಡಲು ರಕ್ತ ತೆಗೆದುಕೊಂಡರು. ಎರಡು ವಾರದ ನಂತರ ವರದಿ ಹಿಡಿದು ಮತ್ತೆ ಬಂದರು. ಯಾವ ರೋಗವೂ ಇಲ್ಲ. ಅಷ್ಟರಲ್ಲಿ ದನ ಕೆಮ್ಮಿತು. ಅವರು ಕುತ್ತಿಗೆಯಿಂದ ಸ್ಟೆತಸ್ಕೋಪು ತೆಗೆದು ಅದರ ಪಕ್ಕೆಲುಬಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಕಡೆ ಚಾಚಿದರು.

"ನೀವು ಕೇಳಿ ಮೇಡಂ. ನಿಮಗೆ ಗೊತ್ತಾಗ್ತದೆ."

ಕಿವಿಗೆ ಹಾಕಿಕೊಂಡೆ. ಮೊದಲು ಹೊಟ್ಟೆಯ ಗುಡುಗುಡು. ಅವರು ನನ್ನ ಕೈ ಹಿಡಿದು ಸ್ವಲ್ಪ ಮುಂದೆ ಸರಿಸಿದರು. ದನ ಉಸಿರು ಬಿಟ್ಟಿತು. ಉಸಿರಿನ ಕೊನೆಯಲ್ಲಿ ಒಂದು ಸೀಟಿ. ಮತ್ತೆ ಬಿಟ್ಟಿತು, ಮತ್ತೆ ಸೀಟಿ. ಆ ಶಬ್ದ ನನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ, ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರು ನನ್ನ ಯಂತ್ರಕ್ಕೆ ಊದಿ ಊದಿ, ಉಸಿರು ಮುಗಿಯುವಾಗ ಅವರ ಎದೆಯಿಂದ ಬರುವ ಅದೇ ಸೀಟಿ. ಅದು ನಮ್ಮ ಹಟ್ಟಿಯಲ್ಲಿ, ನಾನು ನಿತ್ಯ ಬೆನ್ನು ತಟ್ಟುವ ದನದೊಳಗೆ ಕೇಳಿಸುತ್ತಿತ್ತು. ದನಕ್ಕೂ ಶ್ವಾಸಕೋಶ ಇದೆ ಎಂಬುದು ನನಗೆ ಅವತ್ತು ಮೊದಲ ಸಲ ಗೊತ್ತಾದಂತೆ ಆಯಿತು. ಎಂಥ ನಾಚಿಕೆಗೇಡು.

ಡಾಕ್ಟರು ಟಾರ್ಪಾಲು, ಗೋಡೆ, ಕಪ್ಪಾದ ಶೀಟು ಎಲ್ಲವನ್ನೂ ನೋಡಿ ಅಕ್ಕನ ಕಡೆ ತಿರುಗಿ ಕೇಳಿದರು.

"ಇಲ್ಲಿ ಹೊಗೆ ಉಂಟಾ ಅಮ್ಮ?"

ಅಕ್ಕನ ಮುಖ ಅರಳಿತು. ಹದಿನೈದು ದಿನದಲ್ಲಿ ಮೊದಲ ಸಲ ಅರಳಿದ್ದು.

"ಉಂಟು ಡಾಕ್ಟ್ರೇ. ಒಂದು ದಿನ ಕೂಡ ತಪ್ಪಿಸ್ಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಎರಡು. ಗಬ್ಬ ಅಲ್ವಾ, ಅದಕ್ಕೆ ಜಾಸ್ತಿ ಹಾಕಿದ್ದು."

ಡಾಕ್ಟರು ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮೆತ್ತಗೇ ಹೇಳಿದರು: "ನೂರಕ್ಕೆ ನೂರು ಇದರಿಂದಲೇ ಅಂತ ನಾನು ಹೇಳ್ಲಿಕ್ಕೆ ಆಗುದಿಲ್ಲ. ಹೊಗೆಯಲ್ಲಿ ರಕ್ತಕ್ಕೆ ಗಾಳಿ ಸಾಕಾಗುದಿಲ್ಲ, ಹೊಟ್ಟೆಯ ಕರುವಿಗೂ ಸಾಕಾಗುದಿಲ್ಲ. ಪ್ಲಾಸ್ಟಿಕ್ ಸುಟ್ಟ ಹೊಗೆ ಇನ್ನೂ ಕೆಟ್ಟದು. ಗಬ್ಬ ನಿಲ್ಲುದಕ್ಕೂ ತೊಂದರೆ ಮಾಡ್ಬಹುದು. ಹೊಗೆ ಪೂರ್ತಿ ಬಿಟ್ಟು ಇನ್ನೊಂದೇ ಸಲ ನೋಡುವ. ಆಮೇಲೂ ನಿಲ್ಲದಿದ್ರೆ ನಾನು ಇನ್ನು ಕೈ ಹಾಕುದಿಲ್ಲ, ಅದಕ್ಕೆ ಹಿಂಸೆ."

ಅವರು ಹೋದ ಮೇಲೆ ಅಕ್ಕ ಸಿಡಿದಳು. "ಮೊನ್ನೆ ಮೊನ್ನೆ ಹುಟ್ಟಿದವ. ಅಜ್ಜಿಯ ಕಾಲದಲ್ಲಿ ಹಟ್ಟಿಯಲ್ಲಿ ಹನ್ನೊಂದು ದನ ಇತ್ತು, ಹೊಗೆಯಿಂದ ಒಂದು ಕೂಡ ಸತ್ತಿಲ್ಲ. ಸೊಳ್ಳೆ ಕಚ್ಚಿ ಸಾಯ್ಲಿ ಅಂತ ಬಿಡ್ಬೇಕಾ?"

ನಾನು ವಾದ ಮಾಡಲಿಲ್ಲ. ನನ್ನ ಜನ್ಮದಲ್ಲಿ ವಾದ ಮಾಡದೆ ಬಿಟ್ಟ ಸಂದರ್ಭ ಅದೊಂದೇ ಇರಬೇಕು. ಸಂಜೆ ಅವಳು ಹಟದಿಂದ ಮಡಕೆ ಇಟ್ಟು, ಟಾರ್ಪಾಲು ಇಳಿಸಿ ಹೊರಬಂದಳು. ಆಗ ನಾನು ಟಾರ್ಪಾಲು ಎತ್ತಿ ಒಳಗೆ ಹೋದೆ. ಉಟ್ಟ ಸೀರೆಯಲ್ಲೇ, ದನದ ಪಕ್ಕ ಹುಲ್ಲಿನ ಕಟ್ಟಿನ ಮೇಲೆ ಕುಳಿತೆ. ಮೊದಲು ಕಣ್ಣು ಉರಿಯಿತು. ಆಮೇಲೆ ಗಂಟಲು ಮುಚ್ಚಿತು. ಉಸಿರು ಎಳೆದಷ್ಟೂ ಸಾಲದೆ, ನನಗೇ ನಾನು ಎಳೀರಿ ಎಂದು ಹೇಳಿಕೊಳ್ಳುವಂತಾಯಿತು. ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ, ಎದ್ದು ಹೊರಗೆ ಬಿದ್ದೆ. ಹೊರಗೆ ಬಿದ್ದ ಮೇಲೆಯೇ ತಲೆಗೆ ಹೋದದ್ದು: ನಾನು ಎದ್ದು ಬಂದೆ. ಅಕ್ಕನೂ ಪ್ರತಿದಿನ ಮಡಕೆ ಇಟ್ಟು ಹೊರಗೆ ಬರುತ್ತಿದ್ದಳು. ದನವನ್ನು ಕಟ್ಟಿ ಹಾಕಿದ್ದೆವು. ಬೆಳಗಿನವರೆಗೆ.

ಗಬ್ಬ ನಿಲ್ಲುವುದಿಲ್ಲ ಎಂದು ನಾವು ಸಾಗಿಸಿದ ಆ ಎರಡು ದನಗಳೂ ಇದೇ ಗೂಟಗಳಲ್ಲಿ, ನಾನು ಕಟ್ಟಿಸಿದ ಇದೇ ಗೋಡೆಗಳ ನಡುವೆ ನಿಂತಿದ್ದವು ಎಂಬುದೂ ಆಗಲೇ ನೆನಪಾಯಿತು. ಅಂಗಳದಲ್ಲಿ ಕುಳಿತು ವಾಂತಿ ಮಾಡಿದೆ. ಹೊಗೆಯಿಂದ ಎಂದು ಅಕ್ಕ ತಿಳಿದಳು. ಗಾಬರಿಯಿಂದ ಬೆನ್ನು ಉಜ್ಜುತ್ತಾ, "ಒಳಗೆ ಯಾಕೆ ಹೋದೆ ಮಾರಾಯ್ತಿ, ಸಾಯ್ಲಿಕ್ಕಾ?" ಎಂದಳು. ಹೇಳಿದ ಮೇಲೆ ಅವಳ ಕೈ ನಿಂತಿತು. ಅವಳು ಹಟ್ಟಿಯ ಕಡೆ ನೋಡಿದಳು. ಹೋಗಿ ಟಾರ್ಪಾಲನ್ನು ಕಿತ್ತು, ಮಡಕೆಯನ್ನು ಹೊರಗೆ ತಂದು ನೀರು ಸುರಿದಳು.

ಜುಲೈಯಲ್ಲಿ ನಾನು ಹೇಳಿದ ಸುಳ್ಳನ್ನೂ ಅವತ್ತೇ ಒಪ್ಪಿಕೊಂಡೆ. ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ.

ಮುಂದಿನ ವಾರ ಹಟ್ಟಿಯ ಎರಡು ಬದಿಯ ಗೋಡೆಗಳನ್ನು ಸೊಂಟದ ಮಟ್ಟಕ್ಕೆ ಕೆಡವಿಸಿದೆ. ಟಾರ್ಪಾಲಿನ ಜಾಗಕ್ಕೆ ಸೊಳ್ಳೆಪರದೆ ಬಂತು, ಮೇಲೊಂದು ಫ್ಯಾನು. ಸುಡುಮಣ್ಣಿನ ರಾಶಿ ನಿಂತು ಅಲ್ಲಿ ತರಗೆಲೆ ಕೊಳೆಯಲು ಒಂದು ಗುಂಡಿ ಆಯಿತು. ಅಲಸಂಡೆ ಆ ವರ್ಷ ಸಪ್ಪೆಯಾಯಿತು ಎಂದು ಅಕ್ಕ ಹೇಳುತ್ತಾಳೆ. ನನಗೆ ವ್ಯತ್ಯಾಸ ಕಾಣಲಿಲ್ಲ.

ಉಳಿದದ್ದು ಅಣ್ಣ. ಅವನ ಹತ್ತಿರ ನಾನು ಹೋದರೆ ಜಗಳವಾಗುತ್ತದೆ ಎಂದು ಗೊತ್ತಿದ್ದೂ ಹೋದೆ, ಜಗಳವೇ ಆಯಿತು. "ಊರಿಡೀ ಸುಡ್ತಾರೆ. ನನ್ನ ಒಂದು ಗದ್ದೆಯ ಹೊಗೆ ಮಾತ್ರ ನಿನ್ನ ದನದ ಮೂಗಿಗೆ ಅಡ್ರೆಸ್ ಹುಡುಕಿ ಹೋಗ್ತದಾ?" ಎಂದ. ನಾನೂ ಕೊಡುವಷ್ಟು ಕೊಟ್ಟು ಬಂದೆ. ಮರುದಿನ ಅಕ್ಕ ಒಬ್ಬಳೇ ಹೋದಳು. ಏನು ಮಾತಾಡಿದಳೋ ಗೊತ್ತಿಲ್ಲ. ಬಂದು, "ಹುಲ್ಲು ಕೂಳೆ ನಾವು ತೆಗ್ದು ಕೊಟ್ರೆ ಅವ ಬೆಂಕಿ ಕೊಡುದಿಲ್ಲ ಅಂತೆ" ಎಂದಳು.

ಮಾರ್ಚ್ ಹೊತ್ತಿಗೆ ದನದ ಕೆಮ್ಮು ನಿಂತಿತು, ಕಣ್ಣಿನ ಕೆಳಗಿನ ಗೆರೆ ಮಾಯವಾಯಿತು. ಏಪ್ರಿಲಿನಲ್ಲಿ ಬೆದೆಗೆ ಬಂತು. ಇದೇ ಕೊನೆಯದು ಎಂದು ಇಬ್ಬರಿಗೂ ಗೊತ್ತಿತ್ತು. ಇಂಜೆಕ್ಷನ್ ಕೊಟ್ಟ ಇಪ್ಪತ್ತೊಂದನೆಯ ದಿನ ನಾನು ರಜೆ ಹಾಕಿ ಮನೆಯಲ್ಲಿ ಕುಳಿತೆ. ದನ ಕೂಗಲಿಲ್ಲ. ಜುಲೈಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, ನಿಂತಿದೆ ಎಂದರು. ಈ ಸಲ ಅಕ್ಕ ಅವರ ಕೈ ಹಿಡಿಯಲಿಲ್ಲ. ಹೋದ ಸಲವೂ ಇಲ್ಲಿಯವರೆಗೆ ಬಂದಿತ್ತಲ್ಲ ಎಂದಳು.

ಕೊಯ್ಲು ಮುಗಿದ ಮೇಲೆ ನಾವಿಬ್ಬರೂ ಗದ್ದೆಗೆ ಇಳಿದೆವು. ಅವಳ ಮೊಣಕಾಲು, ನನ್ನ ಸೊಂಟ, ಎರಡೂ ನಮ್ಮನ್ನು ಶಪಿಸುತ್ತಿದ್ದವು. ಕತ್ತಿಯಲ್ಲಿ ಕೂಳೆ ಕೊಯ್ದು, ಹುಲ್ಲು ಬಾಚಿ, ಹನ್ನೆರಡು ದಿನ ಹೊತ್ತೆವು. ಹೊಸ ಮನೆಗಳ ಬಾಲ್ಕನಿಯಿಂದ ಜನ ಮೊಬೈಲಿನಲ್ಲಿ ನಮ್ಮ ಫೋಟೋ ತೆಗೆದರು. ಆಚೆ ಗದ್ದೆಯವರು ಕೇಳಲಿಲ್ಲ, ಸುಟ್ಟರು. ಹಾಗೆ ಸುಟ್ಟ ದಿನಗಳಲ್ಲಿ ದನವನ್ನು ಮೇಲೆ ಹೊಡೆದುಕೊಂಡು ಬಂದು, ರಸ್ತೆ ಬದಿಯ ಪರಿಚಯದವರ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿದೆವು. ಟೈಲ್ಸಿನ ಮೇಲೆ ಅದು ಸೆಗಣಿ ಹಾಕಿದಾಗ ಆ ಮನೆಯವರ ಮುಖ ನೋಡಬೇಕಿತ್ತು. ಅಕ್ಕ ಓಡಿ ಓಡಿ ತೊಳೆದಳು.

ಐದನೆಯ ತಿಂಗಳು ಕಳೆಯಿತು. ಆರು, ಏಳು. ದನದ ಹೊಟ್ಟೆ ದೊಡ್ಡದಾದಷ್ಟೂ ಅಕ್ಕನ ಮುಖ ಸಣ್ಣದಾಗುತ್ತಿತ್ತು. ಹೆದರಿಕೆ ಎಂದು ನಾನು ತಿಳಿದೆ. ಒಂಬತ್ತು ತುಂಬಿ ಜನವರಿಯ ಒಂದು ಮಧ್ಯಾಹ್ನ ದನ ನೋವು ತಿನ್ನತೊಡಗಿತು. ಡಾಕ್ಟರು ಬಂದು ನಿಂತರು. ಕೈ ಹಾಕುವ ಅಗತ್ಯವೇ ಬೀಳಲಿಲ್ಲ. ಕಪ್ಪು ಹೆಣ್ಣು ಕರು, ಹುಟ್ಟಿದ ಎರಡನೇ ನಿಮಿಷಕ್ಕೆ ತಲೆ ಕೊಡವಿ ಸೀನಿತು. ನಾನು ಗಟ್ಟಿಯಾಗಿ ನಕ್ಕೆ. ಡಾಕ್ಟರೂ ನಕ್ಕರು.

"ನೋಡಿದ್ರಾ ಅಮ್ಮ? ಹೊಗೆ ನಿಲ್ಲಿಸಿದ್ದೇ ನಿಲ್ಲಿಸಿದ್ದು, ಒಂದೇ ಇಂಜೆಕ್ಷನಿಗೆ ನಿಂತು ಒಂಬತ್ತು ತಿಂಗಳು ತುಂಬಿಸಿತು."

ನಮ್ಮಲ್ಲಿ ಹುಟ್ಟಿದ ಕರುವಿನ ಮೂಗು ಬಾಯಿ ಒರೆಸುವುದು ಯಾವಾಗಲೂ ಅಕ್ಕ. ಇಷ್ಟು ವರ್ಷದಲ್ಲಿ ಇನ್ನೊಬ್ಬರಿಗೆ ಬಿಟ್ಟವಳಲ್ಲ. ಅವಳು ಕೈಯಲ್ಲಿ ಹಳೆಯ ಬಟ್ಟೆ ಹಿಡಿದು ಕರುವಿನ ಮುಂದೆ ಬಗ್ಗಿದ್ದಳು. ಡಾಕ್ಟರ ಮಾತು ಕೇಳಿ ಹಾಗೇ ನಿಂತುಬಿಟ್ಟಳು.

"ಹಾಗಾದ್ರೆ ಹೋದ ಸಲದ್ದು ನಾನೇ ಕೊಂದದ್ದಲ್ವಾ?" ಎಂದಳು.

ಡಾಕ್ಟರು ಏನೋ ಹೇಳಲು ಹೊರಟರು. ನೂರಕ್ಕೆ ನೂರು ಹೇಳಲಿಕ್ಕಾಗುವುದಿಲ್ಲ ಎಂದೇ ಇರಬೇಕು. ಅಕ್ಕ ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಈ ಎಲ್ಲ ತಿಂಗಳು ಅವಳು ಕಾಯುತ್ತಿದ್ದದ್ದು ಕರುವನ್ನಲ್ಲ, ಇದರ ಉತ್ತರವನ್ನು ಎಂದು ನನಗೆ ಆಗ ತಿಳಿಯಿತು. ಕರು ಬದುಕಬೇಕೆಂದು ಬೇಡುತ್ತಲೇ, ಅದು ಬದುಕಿದರೆ ತನ್ನ ತಪ್ಪು ರುಜುವಾಗುತ್ತದೆ ಎಂದು ಅವಳು ಒಬ್ಬಳೇ ಬೆಂದಿದ್ದಳು. ನಾನು ದಿನವಿಡೀ ಪರರಿಗೆ ಕೂಗಿ ಹೇಳುವವಳು. ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಗೋಡೆ ಕಟ್ಟಿಸಿದ್ದು ನಾನು, ಅಕ್ಕ" ಎಂದೆ. "ಧೂಪ ತಂದದ್ದು ನಾನು. ಇಬ್ಬರೂ ಸೇರಿ ಮಾಡಿದ್ದು."

ಅವಳು ತಲೆಯಾಡಿಸಿದಳು. ನಂತರ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ನೀನೇ ಒರೆಸು" ಎಂದಳು. "ನನ್ನ ಕೈ ಬೇಡ ಅದಕ್ಕೆ."